ಎಣ್ಣೆಯಲ್ಲಿ ಕಾದ ಬೇರಿಂಗು

ಯುದ್ಧದ ಕಾಲದಲ್ಲಿ ನಮ್ಮೆಜಮಾನರು ಬೆಂಗಳೂರು ದಂಡಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಅಡುಗೆಯವರಾಗಿದ್ದರು. ಬಾಣಸವಾಡಿಯ ನನ್ನ ತವರಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅವರು ಮೆಕ್ಯಾನಿಕ್ಕು.

ಸುಳ್ಳು ಅವರದಲ್ಲ. ನನ್ನನ್ನು ನೋಡಲು ಬಂದ ದಿನವೇ ಅವರು ನಮ್ಮಪ್ಪನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ನನಗೆ ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಅಪ್ಪ ಸ್ವಲ್ಪ ಹೊತ್ತು ಮೀಸೆ ನೀವಿಕೊಂಡು, ವರ್ಕ್‌ಶಾಪಿನಲ್ಲಿದ್ದಾರೆ ಅಂದರೆ ಸಾಕು, ಒಳಗೆ ಏನು ಮಾಡ್ತಾರೆ ಅಂತ ಯಾರು ಬಗ್ಗಿ ನೋಡ್ತಾರೆ ಅಂದರಂತೆ. ಮದುವೆಯಾದ ಮೇಲೆ ಇವರು ಇದನ್ನೆಲ್ಲ ನನಗೆ ಹೇಳಿದಾಗ ನನಗೆ ನಾಚಿಕೆಯಾಯಿತು. ಇವರ ಪ್ರಾಮಾಣಿಕತೆ ಕಟ್ಟಿಕೊಂಡು ನನಗೇನಾಗಬೇಕಿತ್ತು? ನಮ್ಮ ಕಡೆ ಗಂಡಸು ನೇಗಿಲು ಹಿಡಿಯಬೇಕು, ಇಲ್ಲ ಲೇಖನಿ ಹಿಡಿಯಬೇಕು. ಸೌಟು ಹಿಡಿದವನು ಮದುವೆ ಮನೆಯಲ್ಲಿ ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋಗುತ್ತಾನೆ. ಆ ಗುಟ್ಟು ಬಾಯಲ್ಲಿಟ್ಟ ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಬಾವಿಕಟ್ಟೆಯಲ್ಲಿ ಹೆಂಗಸರು ನಿನ್ನ ಗಂಡ ಲಾರಿ ಬಿಚ್ಚಿ ಜೋಡಿಸುತ್ತಾರಂತೆ, ಹೌದಾ ಎಂದು ಕೇಳಿದರೆ ನಾನು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದೆ.

ಯುದ್ಧ ಮುಗಿಯಿತು, ವರ್ಕ್‌ಶಾಪಿನವರು ಜನರನ್ನು ಕಡಿಮೆ ಮಾಡಿದರು. ಬೇರೆ ಕೆಲಸ ಸಿಗುವ ತನಕ ಎಂದು ಇವರು ನಮ್ಮ ತವರಿಗೇ ಬಂದು ಕೂತರು. ಮನೆಅಳಿಯ ಎಂಬ ಮಾತು ನಮ್ಮೂರಿನಲ್ಲಿ ಬೈಗುಳಕ್ಕೆ ಹತ್ತಿರ. ಅದನ್ನು ಮುಚ್ಚಿಕೊಳ್ಳಲೋ ಏನೋ, ಅಪ್ಪನ ಬಡಾಯಿ ದಿನದಿನಕ್ಕೆ ಬೆಳೆಯಿತು. ನಮ್ಮಳಿಯಂದಿರು ಕಿವಿಗೊಟ್ಟು ಕೇಳಿದರೆ ಸಾಕು, ಇಂಜಿನ್ನಿಗೆ ಏನು ಕಾಯಿಲೆ ಅಂತ ಹೇಳಿಬಿಡ್ತಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಇವರು ಅಲ್ಲೇ ತಲೆ ತಗ್ಗಿಸಿಕೊಂಡು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ವೈಟ್‌ಫೀಲ್ಡ್ ಕಡೆಯ ದೊರೆಯೊಬ್ಬರು ವಿಲಾಯತಿಗೆ ಹೊರಡುವಾಗ ಮಾರಿದ ಹಳೇ ಟ್ರ್ಯಾಕ್ಟರೊಂದು ನಮ್ಮಲ್ಲಿತ್ತು. ಕಬ್ಬಿಣದ ಚಕ್ರದ್ದು, ಶುರು ಮಾಡಿದರೆ ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಿದ್ದವು. ಆ ವರ್ಷ ಮೊದಲ ಮಳೆ ಬಿದ್ದು ಉಳುಮೆಗೆ ಇಳಿಸಿದಾಗ ಅದರ ಹಿಂದಿನ ಬಲಗಾಲು ಕುಂಟತೊಡಗಿತು. ಚಕ್ರ ಓಲಾಡುತ್ತಿತ್ತು, ಸಂದಿನಿಂದ ಎಣ್ಣೆ ಸೋರುತ್ತಿತ್ತು, ಒಳಗೆ ರಾಗಿ ಬೀಸಿದ ಸದ್ದು. ಪಕ್ಕದ ತೋಟದ ಯಜಮಾನರಿಗೂ ಉತ್ತುಕೊಡುತ್ತೇವೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಆ ಯಜಮಾನರು ಬಂದು ನೋಡಿ, ಆಕ್ಸಲ್ಲಿನ ಬೇರಿಂಗು ಹೋಗಿದೆ, ಶಿವಾಜಿನಗರದಿಂದ ಮೇಸ್ತ್ರಿಯನ್ನು ಕರೆಸಿ ಅಂದರು. ನಮ್ಮಣ್ಣನಿಗೆ ಏನೂ ಗೊತ್ತಿರಲಿಲ್ಲವಲ್ಲ, ಮನೆಯಲ್ಲೇ ಭಾವ ಇರುವಾಗ ಮೇಸ್ತ್ರಿ ಯಾಕೆ ಅಂದುಬಿಟ್ಟ. ಅಪ್ಪ ಇಲ್ಲ ಅನ್ನುವ ಹಾಗಿರಲಿಲ್ಲ. ಮಾತು ಮನೆ ಕೆಡಿಸಿತು ಅನ್ನುವುದು ಸುಮ್ಮನೆ ಅಲ್ಲ.

ಅಣ್ಣ ಶಿವಾಜಿನಗರದ ಗುಜರಿಯೆಲ್ಲ ಅಲೆದು ಆ ಅಳತೆಯ ಬೇರಿಂಗು ತಂದ. ಇಡೀ ಬೀದಿಗೆ ಅದೊಂದೇ ಇದ್ದದ್ದು. ಒಂದರೊಳಗೊಂದು ಎರಡು ಉಕ್ಕಿನ ಬಳೆ, ನಡುವೆ ಗುಂಡುಗಳು, ಬೆರಳಲ್ಲಿ ತಿರುಗಿಸಿದರೆ ಸದ್ದೇ ಇಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಬದಿಯನ್ನು ಜಾಕಿಯಿಂದ ಎತ್ತಿ, ಅಣ್ಣನೂ ಆಳುಗಳೂ ಸೇರಿ ಚಕ್ರ ಬಿಚ್ಚಿದರು, ಆಕ್ಸಲ್ಲನ್ನು ಹೊರಗೆಳೆದರು, ಸವೆದ ಬೇರಿಂಗನ್ನು ಉಳಿಯಿಟ್ಟು ಒಡೆದು ತೆಗೆದರು. ಒಡೆಯುವುದಕ್ಕೆ ವಿದ್ಯೆ ಬೇಕಿರಲಿಲ್ಲ. ಇವರು ಜಗಲಿಯ ಮೇಲೆ ಕೂತು, ಅಣ್ಣ ಕೇಳಿದ್ದಕ್ಕೆಲ್ಲ ನಿನಗೆ ಸರಿ ಕಂಡ ಹಾಗೆ ಮಾಡು ಅನ್ನುತ್ತಿದ್ದರು. ತೋಟದ ಯಜಮಾನರು ಅಪ್ಪನ ಪಕ್ಕದಲ್ಲಿ ಕೂತು ಇವರನ್ನೇ ನೋಡುತ್ತಿದ್ದರು. ನಾನು ಬಾಗಿಲ ಸಂದಿನಲ್ಲಿ ನಿಂತು, ಹೇಗಾದರೂ ಮರ್ಯಾದೆಯಿಂದ ಮುಗಿದುಹೋಗಲಪ್ಪಾ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ.

ಹೊಸ ಬೇರಿಂಗು ಆಕ್ಸಲ್ಲಿಗೆ ಹತ್ತಲಿಲ್ಲ. ಕೂದಲೆಳೆಯಷ್ಟು ಬಿಗಿ. ಅಣ್ಣ ಮರದ ತುಂಡು ಕೊಟ್ಟು ಸುತ್ತಿಗೆಯಲ್ಲಿ ಬಾರಿಸಿದ. ಅದು ಓರೆಯಾಗಿ ಕಚ್ಚಿಕೊಂಡಿತು. ಅವನು ಇನ್ನೂ ದೊಡ್ಡ ಸುತ್ತಿಗೆ ಎತ್ತಿದ್ದನ್ನು ನೋಡಿ ಇವರು ಜಗಲಿಯಿಂದ ಇಳಿದರು. ಹೊಡೆದರೆ ಒಡೆದುಹೋಗುತ್ತೆ, ನಿಲ್ಲಿಸು ಅಂದರು. ಓರೆಯಾದದ್ದನ್ನು ಮೆಲ್ಲಗೆ ತಟ್ಟಿ ಹೊರಗೆ ತೆಗೆಸಿದರು. ಆಮೇಲೆ ಬಾಗಿಲಿಗೆ ಬಂದು ನನ್ನನ್ನು ಹರಳೆಣ್ಣೆ, ದೊಡ್ಡ ಬಾಣಲೆ, ಸೌಟು, ಒಂದು ಚೂರು ಕಲಸಿದ ಹಿಟ್ಟು ಕೇಳಿದರು.

ಹಿಟ್ಟು ಎಂದ ಕೂಡಲೇ ನನ್ನ ಜೀವ ಬಾಯಿಗೆ ಬಂತು. ಗೊತ್ತಾಗಿಬಿಡುತ್ತೆ, ಬೇಡ ಎಂದು ಪಿಸುಗುಟ್ಟಿದೆ.

"ಗೊತ್ತಾಗ್ಲಿ ಬಿಡು," ಅಂದರು. "ಇರೋದೊಂದು ಬೇರಿಂಗು. ಹಾಳಾಗೋದ್ ಬೇಡ."

ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಬಾಣಲೆಯ ಮೇಲೆ ಅಡ್ಡಕೋಲಿಟ್ಟು, ಬೇರಿಂಗು ತಳಕ್ಕೆ ತಾಗದ ಹಾಗೆ ತಂತಿಯಲ್ಲಿ ಎಣ್ಣೆಗೆ ಇಳಿಬಿಟ್ಟರು. ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಸುತ್ತಿಕೊಂಡರು. ಒಂದು ಮೊಣಕಾಲು ಮಡಚಿ ಕೂತು, ಸೌಟಿನಿಂದ ಎಣ್ಣೆ ಮೊಗೆದು ಬೇರಿಂಗಿನ ಮೇಲೆ ಸುರಿಯತೊಡಗಿದರು. ಪೂರಿ ಉಬ್ಬಿಸುವವರ ಕೈಯೇ ಅದು, ಯಾರು ನೋಡಿದರೂ ಗೊತ್ತಾಗುತ್ತಿತ್ತು. ಆಗಾಗ ಚಿಟಿಕೆ ಹಿಟ್ಟು ಹಾಕಿ ನೋಡುತ್ತಿದ್ದರು. ಹಾಕಿದ ಕೂಡಲೇ ಹಿಟ್ಟು ಮೇಲೆದ್ದರೆ ಕಾವು ಹೆಚ್ಚಾಯಿತು, ಉಕ್ಕಿನ ಹದ ಕೆಡುತ್ತದೆ, ತಳದಲ್ಲೇ ಕೂತು ಸಣ್ಣಗೆ ಗುಳ್ಳೆ ಬಿಡಬೇಕು ಎಂದು ಅಣ್ಣನಿಗೆ ವಿವರಿಸಿದರು. ಇಷ್ಟು ಮಾತನ್ನು ಅವರು ನಮ್ಮ ಮನೆಯಲ್ಲಿ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗೋಣಿತಾಟಿನಲ್ಲಿ ಹಿಡಿದು ಆಕ್ಸಲ್ಲಿಗೆ ಇಟ್ಟರೆ, ಕಾದು ಹಿಗ್ಗಿದ ಬೇರಿಂಗು ಸರ್ರನೆ ಜಾರಿ ತನ್ನ ಜಾಗಕ್ಕೆ ಹೋಗಿ ಕೂತಿತು. ಸುತ್ತಿಗೆಯ ಒಂದೇಟೂ ಬೇಕಾಗಲಿಲ್ಲ. ಅಣ್ಣ ಕುಣಿದಾಡಿಬಿಟ್ಟ. ಭಾವ, ಇದನ್ನ ಎಲ್ಲಿ ಕಲಿತಿರಿ ಎಂದು ಕೇಳಿದ. ತೋಟದ ಯಜಮಾನರು ನಕ್ಕು, ಇದು ಮೆಕ್ಯಾನಿಕ್ ಕೈಯಲ್ಲ ಸ್ವಾಮಿ, ಅಡುಗೆಯವರ ಕೈ ಅಂದರು.

ಇವರು ಬಗ್ಗಿದ ತಲೆ ಎತ್ತದೆ ಹೇಳಿದರು: "ಹೌದು. ನಾನು ಅಲ್ಲಿ ಅಡುಗೆ ಮಾಡ್ತಿದ್ದೆ. ಬೇರಿಂಗ್ ಕಾಯಿಸೋಕೆ ನನ್ನ ಒಲೆಗೇ ತರ್ತಿದ್ರು. ನಂಗೊತ್ತಿರೋದು ಇಷ್ಟೇ."

ತೋಟದ ಯಜಮಾನರು ಅಪ್ಪನ ಕಡೆ ತಿರುಗಿದರು. ಅಪ್ಪನ ಮುಖ ಒಂದು ಗಳಿಗೆ ಖಾಲಿಯಾಗಿ, ಆಮೇಲೆ ಕೆಂಪಾಯಿತು.

"ಇದನ್ನ ಮದ್ವೆಗೆ ಮುಂಚೆ ಒಂದ್ ಮಾತು ಹೇಳ್ಬಾರ್ದಿತ್ತಾ ಅಳಿಯಂದ್ರೇ?" ಅಂದರು.

ಇವರು ಆಗ ತಲೆ ಎತ್ತಿದರು. ಅಪ್ಪನನ್ನು ಸುಮ್ಮನೆ ನೋಡಿದರು. ಹೇಳಿದ್ದೆನಲ್ಲ ಎಂಬ ಮಾತು ಈಗ ಬರುತ್ತದೆ ಎಂದು ನಾನು ಕಾದೆ.

"ತಪ್ಪಾಯ್ತು ಮಾವ," ಅಂದರು.

ಅದುವರೆಗೂ ಗಂಡನ ಬಗ್ಗೆ ಇದ್ದ ನನ್ನ ನಾಚಿಕೆಯೆಲ್ಲ ಒಮ್ಮೆಲೇ ಅಪ್ಪನ ಮೇಲೆ ತಿರುಗಿತು. ಗಂಡಸರ ಎದುರಿಗೆ ಎಂದೂ ಬಾಯಿ ಬಿಡದವಳು ಅಂಗಳಕ್ಕೆ ಇಳಿದೆ. "ಅವರು ಹೇಳಿದ್ರು ಅಪ್ಪಾ," ಅಂದೆ. "ನಿಮಗೇ ಹೇಳಿದ್ರು."

ಗೆದ್ದ ಹಾಗೆ ಅನ್ನಿಸುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಹತ್ತು ಜನರಿಗೆ ನ್ಯಾಯ ಹೇಳುತ್ತಿದ್ದ ನಮ್ಮಪ್ಪ ತಮ್ಮದೇ ಅಂಗಳದಲ್ಲಿ, ತಮ್ಮ ಆಳುಗಳ ಎದುರಿಗೆ, ಕೈ ಎಲ್ಲಿಡಬೇಕು ಎಂದು ತಿಳಿಯದೆ ನಿಂತರು. ತೋಟದ ಯಜಮಾನರು ನೆಲ ನೋಡತೊಡಗಿದರು. ನನಗೆ ನನ್ನ ನಾಲಿಗೆ ಕಿತ್ತು ಬಿಸಾಡುವಷ್ಟು ಅಸಹ್ಯವಾಯಿತು. ಇವರು ನನ್ನನ್ನು ಒಮ್ಮೆ ನೋಡಿ, ಒಳಗೆ ಹೋಗು ಎಂದು ಕಣ್ಣಲ್ಲೇ ಹೇಳಿದರು.

ಆಮೇಲೆ ಕೈ ಒರೆಸಿಕೊಂಡು, ಏನೂ ಆಗದ ಹಾಗೆ, "ಮಾವ, ಆಕ್ಸಲ್ ಕೂರಿಸೋಣ. ಸ್ವಲ್ಪ ಈ ಕಡೆ ಹಿಡ್ಕೊಳ್ತೀರಾ?" ಅಂದರು.

ಹಿಡಿಯಲು ಆಳುಗಳಿದ್ದರು, ಅಣ್ಣ ಇದ್ದ. ಆದರೂ ಅಪ್ಪ ಹೋಗಿ, ಬಿಳಿ ಅಂಗಿಯಲ್ಲೇ ಇವರ ಪಕ್ಕದಲ್ಲಿ ಮಣ್ಣಿಗೆ ಕೂತು, ಎಣ್ಣೆ ಮೆತ್ತಿದ ಆಕ್ಸಲ್ಲಿಗೆ ಎರಡೂ ಕೈ ಕೊಟ್ಟರು.