ಯಾರದು ಆಯ್ತು?

ಇವತ್ತು ಬೆಳಗ್ಗೆ ಹತ್ತರ ಹೊತ್ತಿಗೆ ಬಟ್ಟೆ ಒಣಹಾಕಲು ಬಾಗಿಲು ತೆರೆದರೆ, ಏಳನೇ ಮೆಟ್ಟಿಲ ಮೇಲೆ ಪುಟ್ಟಮ್ಮ ಆಂಟಿ ಕೂತಿದ್ದರು. ಗಿರಿನಗರದ ಈ ಮನೆಯ ಓನರ್ ಅವರು. ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆಗೆ ನಮ್ಮದು. ಬೆನ್ನು ನನ್ನ ಕಡೆಗಿತ್ತು. ಕೂಗಲು ಹೋದವಳು ಸುಮ್ಮನಾದೆ. ಆ ಮೆಟ್ಟಿಲಿನ ಸಂಗತಿ ನನಗೆ ಚೆನ್ನಾಗಿ ಗೊತ್ತು.

ಹತ್ತು ವರ್ಷದ ಹಿಂದೆ ಅದು ನನ್ನ ಮೆಟ್ಟಿಲಾಗಿತ್ತು. ಮಗಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬರುವಾಗ ಆರು ಮೆಟ್ಟಿಲು ಹೇಗೋ ಹತ್ತುತ್ತಿದ್ದೆ. ಏಳನೆಯದಕ್ಕೆ ಕಾಲುಗಳು ಮುಷ್ಕರ ಹೂಡುತ್ತಿದ್ದವು. ಮೂವತ್ತೈದರ ಹೆಂಗಸು ಏದುಸಿರು ಬಿಡುತ್ತ ಕೂತರೆ ನೋಡಿದವರು ಏನೆಂದುಕೊಂಡಾರು? ಅದಕ್ಕೇ ಮೊಬೈಲನ್ನು ಕಿವಿಗಿಟ್ಟು, "ಹ್ಞೂ... ಹೌದಾ... ಆಮೇಲೆ?" ಎನ್ನುತ್ತ ಕೂರುತ್ತಿದ್ದೆ. ನನ್ನಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುವವರು ಇಡೀ ಬೆಂಗಳೂರಿನಲ್ಲಿ ಇರಲಿಲ್ಲ ಬಿಡಿ.

ಸುಸ್ತು ನಿಮಗೂ ಆಗಿರುತ್ತದೆ. ಆದರೆ ಮಲಗಿ ಎದ್ದರೂ ಹೋಗದ ಸುಸ್ತೇ ಬೇರೆ. ನಾನು ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಬೈದುಕೊಳ್ಳಲೂ ಶಕ್ತಿ ಬೇಕಲ್ಲ, ಇನ್ನೊಂದು ಲೋಟ ಕಾಫಿ ಕುಡಿಯುತ್ತಿದ್ದೆ. ಸಂಜೆಯಾದರೆ ಮಗಳು ಚಪ್ಪಲಿ ಹಾಕಿಕೊಂಡೇ ಬಂದು, "ಅಮ್ಮಾ, ಪಾರ್ಕ್?" ಎನ್ನುತ್ತಿದ್ದಳು. ನನ್ನದು ಯಾವಾಗಲೂ "ನಾಳೆ". ಒಂದು ಸಂಜೆ ಅವಳು ಕೇಳಲೇ ಇಲ್ಲ. ಮಲಗಿದ್ದ ನನ್ನ ಕಾಲಿಗೆ ಹೊದಿಕೆ ಎಳೆದು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಇವಳ ನೆನಪಿನಲ್ಲಿ ನಾನು ಮಲಗಿದ ಅಮ್ಮನಾಗಿಯೇ ಉಳಿದುಬಿಡುತ್ತೇನೆಂದು ಅವತ್ತು ಹೆದರಿದೆ.

ಮಾರನೆಯ ದಿನವೇ ನನ್ನ ನಾಟಕ ಬಯಲಾಯಿತು. "ಹೌದಾ, ಆಮೇಲೆ?" ಎನ್ನುತ್ತಿರುವಾಗಲೇ ಕಿವಿಗಿಟ್ಟಿದ್ದ ಫೋನ್ ರಿಂಗಾಯಿತು. ಕೆಳಗೆ ಸೊಪ್ಪು ಬಿಡಿಸುತ್ತಿದ್ದ ಪುಟ್ಟಮ್ಮ ಆಂಟಿ ತಲೆಯೆತ್ತಿದರು.

"ಯಾರ್ ಕೂಡ ಮಾತವ್ವ, ಫೋನ್ ಬರಕ್ ಮುಂಚೆನೇ?"

ನಗಲು ಹೋಗಿ ಅತ್ತುಬಿಟ್ಟೆ. ಅವರು ಮೆಲ್ಲಗೆ ಹತ್ತಿ ಬಂದು ಪಕ್ಕದಲ್ಲಿ ಕೂತರು.

"ತಿಂಡಿ ಆಯ್ತಾ?"

"ಆಯ್ತು ಆಂಟಿ."

"ಯಾರ್ದು ಆಯ್ತು?"

ಈ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಎಲ್ಲರದೂ ಒಂದೇ ಉತ್ತರ. ಯಾರದು ಎಂದು ಮಾತ್ರ ಅದುವರೆಗೆ ಯಾರೂ ಕೇಳಿರಲಿಲ್ಲ. ಯೋಚಿಸಿದೆ. ಗಂಡನದು ಆಗಿತ್ತು, ಮಗಳದು ಆಗಿತ್ತು, ಇಬ್ಬರ ಡಬ್ಬಿಯೂ ಆಗಿತ್ತು. ನನ್ನದು ಹನ್ನೊಂದೂವರೆಗೆ, ನಿಂತುಕೊಂಡು, ಪಾತ್ರೆಯ ತಳದಲ್ಲಿ ಉಳಿದದ್ದು. ಉಳಿಯದಿದ್ದರೆ ಕಾಫಿ.

ಅವತ್ತೇ ಅವರು ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಪರೀಕ್ಷೆ ಮಾಡಿಸಿದರೆ ರಕ್ತ ತೀರಾ ಕಡಿಮೆ. ಕಬ್ಬಿಣದ ಮಾತ್ರೆ ಕೊಟ್ಟು, ಊಟ ತಿಂಡಿಯ ಬೆನ್ನಿಗೇ ಕಾಫಿ ಬೇಡ ಎಂದರು. ನನ್ನ ಸೋಮಾರಿತನಕ್ಕೂ ಮಾತ್ರೆ ಇದೆಯೆಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಾತ್ರೆಯನ್ನು ಡಾಕ್ಟರು ನೋಡಿಕೊಂಡರೆ, ಉಳಿದದ್ದನ್ನು ಪುಟ್ಟಮ್ಮ ಆಂಟಿ ನೋಡಿಕೊಂಡರು. ದಿನಾ ಬೆಳಗ್ಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂರುವರು. ಮೊದಲ ದೋಸೆ ನನ್ನ ತಟ್ಟೆಗೆ ಬೀಳುವವರೆಗೆ ಏಳುತ್ತಿರಲಿಲ್ಲ.

"ಕೂತ್ಕೊಂಡ್ ತಿನ್ನವ್ವ. ಮನೆ ಎಲ್ಲೂ ಓಡೋಗಲ್ಲ."

ಕೆಲವು ತಿಂಗಳಾದ ಮೇಲೆ ಒಂದು ದಿನ ಮೆಟ್ಟಿಲು ಎಣಿಸುವುದನ್ನೇ ಮರೆತು ಮೇಲೆ ಬಂದುಬಿಟ್ಟಿದ್ದೆ. ಸಂಜೆ ನಾನೇ ಚಪ್ಪಲಿ ಹಾಕಿಕೊಂಡು ಮಗಳ ಮುಂದೆ ನಿಂತೆ. "ಪಾರ್ಕ್?" ಅವಳು ನನ್ನ ಕಾಲು ನೋಡಿದಳು, ಮುಖ ನೋಡಿದಳು. "ನಿಜವಾಗ್ಲೂ?" ಎಂದಳು.

ಇವತ್ತು ಬಟ್ಟೆಯ ಬಕೆಟ್ ಬಾಗಿಲಲ್ಲೇ ಇಟ್ಟು, ಇಳಿದುಹೋಗಿ ಪುಟ್ಟಮ್ಮ ಆಂಟಿಯ ಪಕ್ಕದಲ್ಲಿ ಕೂತೆ. ಅವರ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

"ಏನ್ ಆಂಟಿ, ಇಲ್ಲಿ ಕೂತ್ಬಿಟ್ರಿ?"

"ಫೋನ್ ಬಂದಿತ್ತು ಕಣವ್ವ," ಎಂದು ಬರಿಗೈಯನ್ನು ಕಿವಿಗಿಟ್ಟುಕೊಂಡರು.

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಕೇಳಿದೆ, "ತಿಂಡಿ ಆಯ್ತಾ?"

"ಆಯ್ತು."

"ಯಾರ್ದು?"

ಅವರು ಗೇಟಿನ ಕಡೆ ಮುಖ ತಿರುಗಿಸಿದರು. "ಎಲ್ಲಾರ್ದೂ," ಎಂದರು, ಮೆಲ್ಲಗೆ.

ಸಂಜೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅದಕ್ಕೆ ಮೊದಲು ನಾನು ಒಳಗೆ ಹೋಗಿ ಕಾವಲಿ ಇಟ್ಟೆ. ಮೊದಲ ದೋಸೆ ಹಾಕಿಕೊಂಡು ಬಂದು, ತಟ್ಟೆಯನ್ನು ಅವರ ಮಡಿಲಲ್ಲಿಟ್ಟು, ಅವರು ತಿಂದು ಮುಗಿಸುವವರೆಗೂ ಆ ಮೆಟ್ಟಿಲು ಬಿಟ್ಟು ಏಳಲಿಲ್ಲ.