ನಾಗಸಂದ್ರದಲ್ಲಿ ಬಿಟ್ಟುಬಂದ ಕಬ್ಬಿಣ

ಐವತ್ತೆರಡನೇ ವಯಸ್ಸಿನಲ್ಲಿ ಹಿಮಾಲಯಕ್ಕೆ ಹಿಮಚಿರತೆಯ ಬೇಟೆಗೆ ಹೊರಟಿದ್ದೇನೆ, ಕ್ಯಾಮೆರಾ ಹಿಡಿದು. ಬೆಟ್ಟ ಹತ್ತುವ ದಮ್ಮು ಬರಲೆಂದು ಮೂರು ತಿಂಗಳು ದಿನವೂ, ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ರಿಜೆಕ್ಟ್ ಆದ ಗೇರ್ ಚಕ್ರಗಳನ್ನು ಬೆನ್ನುಚೀಲಕ್ಕೆ ತುಂಬಿಕೊಂಡು ನಾಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿದ್ದೆ. ಚೀಲ ತಪಾಸಣೆಯ ಪರದೆ ಮುಂದೆ ಕೂರುವ ವಿಜಯಪುರದ ಶಾಂತಮ್ಮ ಮೊದಲ ದಿನವೇ ಕಾರಣ ಕೇಳಿ ತಿಳಿದುಕೊಂಡು, ಅದನ್ನು ನೋಡಿ ನೋಡಿ ನಗುತ್ತಿದ್ದರು.

ಇವತ್ತು ಚೀಲದಲ್ಲಿ ಬರೀ ಸ್ವೆಟರು, ಕ್ಯಾಮೆರಾ. ಆದರೂ ಯಂತ್ರ ನಿಲ್ಲಿಸಿದರು.

"ಸರ್, ತಳದಾಗ ಒಂದ್ ಚಕ್ರ ಉಳದೈತ್ರಿ!"

ಕೈಹಾಕಿದರೆ ಎರಡು ಕೆಜಿ ಕಬ್ಬಿಣ. ನನ್ನ ಬೆನ್ನಿಗೆ ಅದರ ಭಾರವೇ ತಿಳಿದಿರಲಿಲ್ಲ! ಹಿಗ್ಗಿಹೋದೆ.

"ಇಲ್ಲೇ ಇಟ್ಕೊಂಡಿರಿ ಮೇಡಂ, ವಾಪಸ್ ಬಂದು ತಗೋತೀನಿ."

ಶಾಂತಮ್ಮ ಅದನ್ನು ಮೇಜಿನಡಿ ತಳ್ಳಿದರು. "ಸುಮ್ನ ಕೊಡಂಗಿಲ್ರಿ. ಚಿರತಿ ಫೋಟೊ ತೋರಿಸಿ ಒಯ್ರಿ."