ರೇವವ್ವನ ಗಂಡನ ಗಟ್ಟಿ ರಕ್ತ

ದೇವಣಗಾಂವದಲ್ಲಿ ಸೋಮನಿಂಗನ ಮೈಬಣ್ಣದ ಮಾತು ಬಂದರೆ ಹೆಂಡತಿ ರೇವವ್ವನ ಎದೆ ಉಬ್ಬುತ್ತಿತ್ತು. ಒಂದು ಕಾಲಕ್ಕೆ ಕುಸ್ತಿ ಆಡಿದವನು, ಈಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ನಲವತ್ತು ದಾಟಿದರೂ ಮುಖ, ತುಟಿ, ಅಂಗೈ ಎಲ್ಲ ಕೆಂಪಗೆ.

"ಗಂಡಗ ಏನ್ ಉಣಿಸ್ತೀಯವಾ?" ಎಂದು ಓಣಿಯ ಹೆಂಗಸರು ಕೇಳಿದರೆ, "ರೊಟ್ಟಿ, ಪಲ್ಯಾ, ಮತ್ತೇನೈತಿ" ಎಂದು ನಗುವಳು. ತಾನು ಮಾತ್ರ ಬಿಳಿಚಿಕೊಂಡ ಹೆಂಗಸು. ರಕ್ತ ಕಡಿಮೆ ಇದೆಯೆಂದು ಆಶಾ ಕಾರ್ಯಕರ್ತೆ ಅವಳಿಗೆ ಕಬ್ಬಿಣದ ಗುಳಿಗೆ ಕೊಟ್ಟು ಹೋಗುತ್ತಿದ್ದಳು.

ಬಿಸಿನೀರಿನಲ್ಲಿ ಸ್ನಾನ ಮಾಡಿದರೆ ಸಾಕು, ಸೋಮನಿಂಗನಿಗೆ ಮೈಯೆಲ್ಲ ತುರಿಕೆ. ಕಬ್ಬಿನ ದೂಳಿರಬೇಕೆಂದು ರೇವವ್ವ ಸಾಬೂನು ಬದಲಿಸಿದಳು, ನೀರಿಗೆ ಬೇವಿನೆಲೆ ಹಾಕಿ ಕುದಿಸಿದಳು. ಬರಬರುತ್ತ ತಲೆಭಾರ, ಕಾಲ್ಬೆರಳಲ್ಲಿ ಉರಿ. ಒಂದು ದಿನ ಕಣ್ಣಿಗೆ ಕತ್ತಲೆ ಬಂದು ಟ್ರ್ಯಾಕ್ಟರನ್ನು ಮರಕ್ಕೆ ಹಾಯಿಸಿದ. ಸಿಂದಗಿಯಲ್ಲಿ ರಕ್ತ ತಪಾಸಣೆ ಮಾಡಿದವರು ವಿಜಯಪುರಕ್ಕೆ ಕಳಿಸಿದರು.

ಅಲ್ಲಿಯ ಡಾಕ್ಟರ್ ಶಾಹಿಸ್ತಾ ಇಂಡಿ ತಾಲೂಕಿನ ಹೆಣ್ಣುಮಗಳು. ಊರ ಮಾತಿನಲ್ಲೇ ತಿಳಿಸಿ ಹೇಳಿದಳು.

"ಅಕ್ಕಾ, ರಕ್ತ ತಯಾರಾಗೋದು ಎಲುಬಿನ ಒಳಗ. ಎಷ್ಟು ಬೇಕು ಅನ್ನೋ ಹುಕುಂ ಕಿಡ್ನಿಯಿಂದ ಬರ್ತೈತಿ, ಒಂದು ಹಾರ್ಮೋನು ಅದನ್ನ ತರ್ತೈತಿ. ಅದು ಬಂದು ಜೀವಕೋಶದ ಬಾಗಲಾ ಬಡದ್ರ, ಒಳಗಿನವ್ರು ಕೈಯಿಂದ ಕೈಗೆ ಸುದ್ದಿ ದಾಟಿಸ್ತಾರ. ಆಗ ಕೋಶ ಬೆಳೀತೈತಿ. ಇವ್ರಿಗೆ ಬಾಗಲಾ ಬಡಿಯವ್ರು ಯಾರೂ ಇಲ್ಲ, ಆದ್ರೂ ಒಳಗಿನಾಂವ ಒಬ್ಬ 'ಹುಕುಂ ಬಂತು, ಬೆಳೀರಿ' ಅಂತ ಒದರಾಕತ್ತಾನ. ಅದಕ್ಕ ರಕ್ತ ಮಿತಿಮೀರಿ ಗಟ್ಟಿ ಆಗೈತಿ."

"ರಕ್ತ ಹೆಚ್ಚಾದ್ರ ಚಲೋ ಅಲ್ಲೇನ್ರಿ ಡಾಕ್ಟರ್ ಬಾಯಿ?"

"ಅಲ್ರಿ. ಎಲ್ಯಾರ ಹೆಪ್ಪುಗಟ್ಟಿ ನಿಂತ್ರ ಜೀವಕ್ಕ ಅಪಾಯ."

ಆಗಾಗ ಬಂದು ರಕ್ತ ತೆಗೆಸಬೇಕು, ಮಾತ್ರೆ ನುಂಗಬೇಕು ಎಂದಾಯಿತು. ಮೊದಲ ಸಲ ಚೀಲ ತುಂಬಿದ್ದನ್ನು ನೋಡಿ ರೇವವ್ವ ಕೇಳಿಯೇಬಿಟ್ಟಳು: "ಚೆಲ್ಲೋದ್ಯಾಕ್ರಿ? ನನಗ ಕಡಿಮಿ ಐತಿ, ನನಗರ ಹಾಕ್ರಿ."

"ಈ ರಕ್ತ ಇನ್ನೊಬ್ರಿಗೆ ಹಾಕಂಗಿಲ್ಲ ಅಕ್ಕಾ."

ಮಂಚದ ಮೇಲಿಂದ ಸೋಮನಿಂಗ, "ಇಷ್ಟು ವರ್ಷ ನನ್ನ ರಕ್ತ ಕುಡದದ್ದು ಸಾಕಾಗಿಲ್ಲೇನ ನಿನಗ?" ಎಂದ. ಅವಳಿಗೂ ನಗು ತಡೆಯಲಿಲ್ಲ.

ತಲೆಭಾರ ಇಳಿಯಿತು. ಅದರ ಜೊತೆ ಮುಖದ ಕೆಂಪೂ ಇಳಿಯಿತು, ನಾಲ್ಕು ಹೆಜ್ಜೆಗೆ ದಣಿವು. ಗರಡಿಮನೆಯ ಹಳೆಯ ಗೆಳೆಯನೊಬ್ಬ ಮನೆಯ ಮುಂದೆ ನಿಂತು, "ಏನೋ ಸೋಮ್ಯಾ, ಹೆಣದಂಗ ಕಾಣ್ತಿಯಲ್ಲೋ" ಎಂದ. ಆ ಮಾತು ರೇವವ್ವನ ಕರುಳಿಗೆ ಚುಚ್ಚಿತು. ತನ್ನ ಪಾಲಿನ ಕಬ್ಬಿಣದ ಗುಳಿಗೆಯನ್ನು ಬೆಲ್ಲದ ಚೂರಿನೊಂದಿಗೆ ದಿನವೂ ಗಂಡನ ಕೈಗಿಡತೊಡಗಿದಳು.

"ಶಕ್ತಿ ಗುಳಿಗಿ ಐತಿ, ನುಂಗ್ರಿ."

ಅವನು ನುಂಗಿದ. ಮುಖ ಮತ್ತೆ ಕೆಂಪೇರಿತು. ಅಷ್ಟರಲ್ಲಿ ಕಬ್ಬಿನ ಹಂಗಾಮು ಬಂತು. ಮೈ ಹಗುರಾಗಿದೆ, ಇನ್ನೇನು ಚಿಂತೆ ಎಂದು ವಿಜಯಪುರದ ದಾರಿ ಮರೆತ. ರೇವವ್ವನೂ ಒತ್ತಾಯ ಮಾಡಲಿಲ್ಲ.

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಚಹಾದ ಕಪ್ಪು ಅವನ ಬಲಗೈಯಿಂದ ಜಾರಿತು. ಎತ್ತಿಕೊಳ್ಳಲು ಹೋದ, ಕೈ ಮೇಲೇಳಲಿಲ್ಲ. ಹೆಂಡತಿಯ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದ, ಬಾಯಿ ಸೊಟ್ಟಗಾಯಿತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ವಾರ ತುಂಬುವುದರೊಳಗೆ ಆಸ್ಪತ್ರೆಯಲ್ಲೇ ತೀರಿಕೊಂಡ.

ರೇವವ್ವ ಶಾಹಿಸ್ತಾಳ ಕೈ ಹಿಡಿದುಕೊಂಡಳು. "ನನ್ನ ಕಬ್ಬಿಣದ ಗುಳಿಗಿ ಅವ್ರಿಗೆ ಕೊಟ್ಟೇನ್ರಿ ಬಾಯಿ. ನಾನಾ ಕೊಂದ್ನೇನ್ರಿ?"

ಶಾಹಿಸ್ತಾ ಅವಳನ್ನು ಬೆಂಚಿನ ಮೇಲೆ ಕೂಡಿಸಿದಳು. "ಕೊಡಬಾರದಿತ್ತು ಅಕ್ಕಾ, ಸುಳ್ಳು ಹೇಳಂಗಿಲ್ಲ. ಆದ್ರ ಕೊಡಬ್ಯಾಡ್ರಿ ಅಂತ ನಾನೂ ಬಿಡಿಸಿ ಹೇಳಲಿಲ್ಲ. ರೋಗ ನೀವು ಹಚ್ಚಿದ್ದಲ್ಲ."

ಮಣ್ಣು ಮಾಡಿ ಬಂದ ಸಂಜೆ ರೇವವ್ವ ಗಂಡನ ತಾಯಿಗೂ ಎಲ್ಲ ಹೇಳಿದಳು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ರೇವವ್ವನಿಗೆ. ಮರುದಿನ ನೆರೆಮನೆಯವರು ತಂದ ರೊಟ್ಟಿಯನ್ನು ಅತ್ತೆ ಅವಳ ಕಡೆ ಸರಿಸಿದಳು.

"ಉಣ್ಣು. ನನಗರ ಇನ್ನ ಯಾರದಾರ?"

ರೇವವ್ವ ರೊಟ್ಟಿ ಮುರಿದಳು. ಮೊದಲ ತುತ್ತನ್ನು ಅತ್ತೆಯ ಕೈಗಿಟ್ಟಳು.